ಇರುವ ರಸ್ತೆಯನ್ನೇ ಸುರಕ್ಷಿತವಾಗಿಸುವ ಬಗೆ
(ಆಸ್ಪರಿಯಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಕುರಿತು ಮಾಡಿದ ಭಾಷಣ)



ಆದವಾನಿಯಿಂದ ಆಸ್ಪರಿಯ ಮೂಲಕ ಪತ್ತಿಕೊಂಡದ ಕಡೆಗೆ ಸಾಗುವ ರಸ್ತೆಯಲ್ಲಿ ಹತ್ತಿಯ ಲಾರಿಗಳೂ ಟೊಮಾಟೊ ಹೇರಿದ ವಾಹನಗಳೂ ಓಡುತ್ತವೆ. ಅದೇ ರಸ್ತೆಯ ಅಂಚಿನಲ್ಲಿ ನಮ್ಮ ಮಕ್ಕಳು ಶಾಲೆಗೆ ನಡೆಯುತ್ತಾರೆ. 2022ನೆಯ ಇಸವಿಯೊಂದರಲ್ಲೇ ಭಾರತದ ರಸ್ತೆಗಳಲ್ಲಿ 1,68,491 ಜನರು ಮಡಿದರೆಂದು ಕೇಂದ್ರ ಸರ್ಕಾರದ ವರದಿಯು ತಿಳಿಸುತ್ತದೆ. ಇದನ್ನು ವಿಧಿಯೆಂದು ತಿಳಿದು ನಾವು ಕೈಕಟ್ಟಿ ಕುಳಿತಿರುವುದು ತರವಲ್ಲ. ಹೊಸ ಹೆದ್ದಾರಿಗಾಗಿ ಕಾಯಬೇಕಾದುದೂ ಇಲ್ಲ.

ಕರ್ನಾಟಕದಲ್ಲಿ ಬೆಳಗಾವಿಯಿಂದ ಯರಗಟ್ಟಿಯವರೆಗಿನ 62 ಕಿಲೋಮೀಟರು ಹೆದ್ದಾರಿಯಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಒಂದು ಪ್ರಯೋಗವು ನಡೆಯಿತು. ಇದ್ದ ರಸ್ತೆಯ ಕೂಡುದಾರಿಗಳನ್ನು ಸರಿಪಡಿಸಿ, ಸೂಚನಾ ಫಲಕಗಳನ್ನು ನಿಲ್ಲಿಸಿ, ವೇಗವನ್ನು ಹತೋಟಿಗೆ ತಂದುದರಿಂದ ಅಪಘಾತದ ಸಾವುಗಳು ಅರ್ಧಕ್ಕಿಂತ ಹೆಚ್ಚಾಗಿ ಇಳಿದುವು.

ವೇಗದ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಗಂಟೆಗೆ 50 ಕಿಲೋಮೀಟರು ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರು ಸಾಗುತ್ತದೆ. 30 ಕಿಲೋಮೀಟರು ವೇಗದ್ದು ಸುಮಾರು 8 ಮೀಟರು. ಚಾಲಕನು ಮಗುವನ್ನು ಕಂಡು ಬ್ರೇಕನ್ನು ಒತ್ತುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ನಡುವಣ 6 ಮೀಟರುಗಳಲ್ಲಿಯೇ ಒಂದು ಪ್ರಾಣವು ಉಳಿಯಬಹುದು.

ಅಪಘಾತವಾದೊಡನೆ ಊರವರು ಕಲ್ಲುಮಣ್ಣು ಹೇರಿ ರಸ್ತೆಗೆ ಉಬ್ಬು ಹಾಕುವುದುಂಟು. ಕತ್ತಲಲ್ಲಿ ಬರುವ ಮೋಟಾರ್ ಸೈಕಲ್ ಸವಾರನಿಗೆ ಅದೇ ಮೃತ್ಯುವಾದೀತು. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಸೂಚಿಸಿದ ದುಂಡನೆಯ ಉಬ್ಬಿಗೆ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು. ಅದರ ಮೇಲೆ ಬಿಳಿಯ ಪಟ್ಟೆಯಿರಬೇಕು, ಮುಂಚಿತವಾಗಿ ಎಚ್ಚರಿಸುವ ಫಲಕವಿರಬೇಕು. ಇಲಾಖೆಯವರಿಂದಲೇ ಅದನ್ನು ಹಾಕಿಸತಕ್ಕದ್ದು.

ಇನ್ನು ಕೆಲವು ಕೆಲಸಗಳಿಗೆ ಹೆಚ್ಚಿನ ವೆಚ್ಚವೇ ಇಲ್ಲ. ಮಳೆಗೆ ಎರೆಮಣ್ಣು ಕೊಚ್ಚಿಹೋಗಿ ಡಾಂಬರಿನ ಅಂಚು ಮೆಟ್ಟಿಲಿನಂತಾದೆಡೆ ಗರಸು ತುಂಬಿಸಬೇಕು. ತಿರುವುಗಳನ್ನೂ ಫಲಕಗಳನ್ನೂ ಮರೆಮಾಡುವ ಬಳ್ಳಾರಿ ಜಾಲಿಯನ್ನು ಕಡಿಸಬೇಕು. ಬಂಡಿ, ಟ್ರ್ಯಾಕ್ಟರುಗಳ ಹಿಂಬದಿಗೆ ಬೆಳಕಿಗೆ ಹೊಳೆಯುವ ಪಟ್ಟಿಯನ್ನು ಅಂಟಿಸಬೇಕು. ರಸ್ತೆಯ ಮೇಲೆ ಕಾಳು ಒಣಗಿಸುವ ರೂಢಿಯನ್ನು ನಾವೇ ಬಿಡಬೇಕು.

ಆದರೆ ಬಣ್ಣವು ಮಾಸುತ್ತದೆ, ಜಾಲಿಯು ಮತ್ತೆ ಚಿಗುರುತ್ತದೆ. ಒಮ್ಮೆ ಮಾಡಿ ಮರೆತರೆ ಹಾಕಿದ ಹಣವೂ ವ್ಯರ್ಥ. ಆದುದರಿಂದ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ಹಿರಿಯರು ಮಕ್ಕಳು ನಡೆಯುವ ದಾರಿಯನ್ನು ನಡೆದು ನೋಡಲಿ. ಕಂಡ ಕೊರತೆಗಳನ್ನು ಪಟ್ಟಿಮಾಡಿ ಪಂಚಾಯತಿಗೂ ರಸ್ತೆಗಳು ಮತ್ತು ಕಟ್ಟಡಗಳ ಇಲಾಖೆಗೂ ಅರ್ಜಿ ಕೊಡಲಿ. ಕೆಲಸವಾಗುವ ತನಕ ಬಿಡದೆ ವಿಚಾರಿಸಲಿ. ಶಾಲೆಗೆ ಹೋದ ಮಗುವು ಸಂಜೆ ಕ್ಷೇಮವಾಗಿ ಮನೆ ಸೇರುವುದಕ್ಕಿಂತ ದೊಡ್ಡ ಲಾಭವು ನಮಗೆ ಯಾವುದಿದೆ?