ಮಕ್ಕಳಿಗೂ ಒಂದು ಹೊತ್ತು

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ನಾವು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ದೊಡ್ಡ ಭಾಷಣ ನಮಗೆ ಬರೋದಿಲ್ಲ. ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಿ, ಒಂದು ಸಲಹೆ ಮುಂದಿಡುತ್ತೇವೆ.

ಹೋದ ವರ್ಷ ಶಾಲೆಯ ಪೋಷಕರ ಸಭೆಗೆ ಹೋಗಿದ್ದೆವು. ಮೇಷ್ಟ್ರು ರುಜು ಮಾಡಿಸುತ್ತಾ, "ನಿಮ್ಮ ಹುಡುಗ ಎಷ್ಟನೇ ಕ್ಲಾಸು?" ಎಂದರು. "ಐದು" ಎಂದೆವು. ಪಕ್ಕದಲ್ಲಿದ್ದ ಮಗ ತಲೆ ತಗ್ಗಿಸಿ, "ಆರು, ಅಪ್ಪ" ಎಂದ. ಯಾವ ಹಸು ಎಷ್ಟು ಲೀಟರು, ಫ್ಯಾಟು ಎಷ್ಟು ಅಂತ ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆವು. ಮಗನ ತರಗತಿ ಗೊತ್ತಿರಲಿಲ್ಲ. ಆ ರಾತ್ರಿ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಸರ್ಕಾರಿ ನೌಕರರಿಗೆ ಭಾನುವಾರ ಉಂಟು, ಮಗು ಹುಟ್ಟಿದಾಗ 15 ದಿನ ಪಿತೃತ್ವ ರಜೆಯೂ ಉಂಟು. ಹಸುವಿಗೆ ಭಾನುವಾರ ಇಲ್ಲ. ಎರಡು ಹೊತ್ತೂ ಕ್ಯಾನು ಡೇರಿಗೆ ಬರಲೇಬೇಕು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಮೋಟಾರು ಹಾಕಲು ತೋಟಕ್ಕೆ ಓಡಬೇಕು. "ದುಡಿಯೋದು ಯಾರಿಗೆ, ಮಕ್ಕಳಿಗೇ ತಾನೆ?" ಅಂತೀವಿ. ಮಕ್ಕಳಿಗೆ ಬಟವಾಡೆ ದುಡ್ಡು ಕಾಣುತ್ತೆ, ಅಪ್ಪ ಕಾಣೋದಿಲ್ಲ. 2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ಹಾಲು ಶಾಲೆಗೆ ಹೋಯಿತು. ಹಾಲು ಹಾಕೋ ನಾವು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಹಾಲು ಹಾಕಿದ ಮೇಲೂ ಡೇರಿ ಕಟ್ಟೆಯ ಹರಟೆ ನಾವು ಬಿಡೋದಿಲ್ಲ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ದೇಶದ ಮೊದಲ ಸಹಕಾರ ಸಂಘಗಳಲ್ಲೊಂದು ಹುಟ್ಟಿದ್ದೇ, ಒಬ್ಬರಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡಲು. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಮಾಡುವ ಊರು ನಮ್ಮದು. ಹಾಲಿಗೂ ಮುಯ್ಯಿ ಮಾಡೋಣ. ವಾರಕ್ಕೊಂದು ಸಂಜೆ ನಮ್ಮ ಕ್ಯಾನು, ಪಾಸ್ ಪುಸ್ತಕ ನೀವು ತನ್ನಿ. ಇನ್ನೊಂದು ಸಂಜೆ ನಿಮ್ಮದು ನಾವು ತರುತ್ತೇವೆ. ಪಕ್ಕದ ಮನೆಯವರ ಜೊತೆ ಆರು ತಿಂಗಳಿಂದ ಹೀಗೇ ನಡೆಸಿದ್ದೇವೆ. ಒಂದು ದಿನವೂ ಲೆಕ್ಕ ತಪ್ಪಿಲ್ಲ. ಮಂಗಳವಾರ ಸಂಜೆ ಮಗನ ಪಕ್ಕ ಕೂರುತ್ತೇವೆ. ಅವನ ಇಂಗ್ಲಿಷು ನಮಗೆ ಬಾರದು, ಅವನೇ ಹೇಳಿಕೊಡುತ್ತಾನೆ. ಈಗ ಮಂಗಳವಾರ ಬಂತೆಂದರೆ ಬಾಗಿಲಲ್ಲೇ ಕಾಯುತ್ತಾನೆ.

ಪೋಷಕರ ಸಭೆಯ ದಿನ ಸಂಘದ ಸಭೆ ಇಡಬಾರದೆಂದು ಆಡಳಿತ ಮಂಡಳಿಯನ್ನೂ ಕೇಳಿಕೊಳ್ಳುತ್ತೇವೆ.