ಸ್ಪ್ರಿಂಟ್‌ಗೆ ಹೊರಡುವ ಮುನ್ನ

1991ರಲ್ಲಿ ಗೀಡೊ ವಾನ್ ರೋಸಮ್ ಹೊರತಂದ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಇಂದಿಗೂ ಬೆಳೆಯುತ್ತಿರುವುದು ಅಸಂಖ್ಯ ಜನರ ಕೂಡುದುಡಿಮೆಯಿಂದ. ಪೈಥಾನ್ ಸಮ್ಮೇಳನಗಳಲ್ಲಿ ಹೊಸಬರು, ಹಳಬರು ಒಂದೇ ಮೇಜಿನ ಸುತ್ತ ಕುಳಿತು ಕೋಡ್ ತಿದ್ದುತ್ತಾರೆ, ಅದೇ ಸ್ಪ್ರಿಂಟ್. ಇಂಥದೇ ಸಮ್ಮೇಳನವಾದ ಭಾರತದ ಪೈಕಾನ್ ಶುರುವಾದದ್ದು 2009ರಲ್ಲಿ, ನಮ್ಮ ಬೆಂಗಳೂರಿನಲ್ಲೇ.

ಸ್ಪ್ರಿಂಟ್‌ನಲ್ಲಿ ಭಾಗವಹಿಸುವ ಆಸೆಯಿದ್ದರೆ ಹಿಂದಿನ ದಿನವೇ ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ತಂತ್ರಾಂಶ ಹಾಕಿಕೊಳ್ಳಿ, ನೀವು ಕೈಹಾಕುವ ಯೋಜನೆಯ ಕೋಡ್ ಇಳಿಸಿಕೊಂಡು ಅದರ ಪರೀಕ್ಷೆಗಳನ್ನು ಒಮ್ಮೆ ಓಡಿಸಿ ನೋಡಿ. ಎಲ್ಲರೂ ಒಂದೇ ವೈಫೈ ಹಂಚಿಕೊಳ್ಳುವ ಸಭಾಂಗಣದಲ್ಲಿ ಅದಕ್ಕೇ ಅರ್ಧ ದಿನ ಹೋದೀತು. ಆ ಯೋಜನೆಯ ಕೊಡುಗೆದಾರರ ಕೈಪಿಡಿಯನ್ನು ತಾಳ್ಮೆಯಿಂದ ಓದಿ. ಅದು ಹೇಳಿದಂತೆಯೇ ಮಾಡಿದರೂ ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲಿ ಕೆಲಸ ನಿಂತಿತೋ, ಬರೆದಿಟ್ಟುಕೊಳ್ಳಿ. ಪಳಗಿದವರ ಕಣ್ಣಿಗೆ ಬೀಳದ ತೊಡಕು ಅದು. ಕೈಪಿಡಿಯ ಆ ಸಾಲನ್ನು ತಿದ್ದುವುದೇ ನಿಮ್ಮ ಮೊದಲ ಕೊಡುಗೆಯಾಗಬಹುದು. ನನ್ನ ಮಟ್ಟಿಗೆ ಅದು ಕೋಡಿನಷ್ಟೇ ತೂಕದ್ದು.