ಒಂದು ಚಿತ್ರ ತಾನೇ?
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಕಂಪ್ಯೂಟರ್ ವಿಷಯ ಹೇಳುತ್ತೇನೆಂದು ನೀವು ಕಾದಿರಬಹುದು. ಇವತ್ತು ಚಿತ್ರ ಬರೆಯುವವರ ವಿಷಯ ಹೇಳುತ್ತೇನೆ.

ಇದೇ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ನಮ್ಮೆಲ್ಲರ ವಿಜ್ಞಾನದ ಪುಸ್ತಕಕ್ಕೆ ಹೃದಯ, ಹೂವಿನ ಭಾಗಗಳ ಚಿತ್ರ ಬರೆದುಕೊಡುತ್ತಿದ್ದ. ಅಂಕ ನಮಗೆ, ಅವನಿಗೆ ಒಂದು ಹಿಡಿ ಕಡಲೆಕಾಯಿ. ಈಗ ಅವನು ಬೆಂಗಳೂರಿನಲ್ಲಿ ಸ್ವತಂತ್ರ ಕಲಾವಿದ. ಸಂಬಳದ ಕೆಲಸವಿಲ್ಲ. ಮಕ್ಕಳ ಪುಸ್ತಕಗಳಿಗೆ, ಪತ್ರಿಕೆಯ ಕಥೆಗಳಿಗೆ ಚಿತ್ರ ಬರೆದು ಸಂಸಾರ ನಡೆಸುತ್ತಾನೆ.

ಮೂರು ವರ್ಷದ ಹಿಂದೆ ನಮ್ಮ ಆಪ್‌ಗೆ ಚಿತ್ರ ಬೇಕಾಯಿತು. ಫೋನ್ ಮಾಡಿ, "ಒಂದು ಚಿತ್ರ ತಾನೇ, ಅರ್ಧ ಗಂಟೆ ಕೆಲಸ, ಬರ್ಕೊಡೋ" ಅಂದೆ. ಅವನು ಕೋಪ ಮಾಡಿಕೊಳ್ಳಲಿಲ್ಲ. "ಭಾನುವಾರ ಮನೆಗೆ ಬಾ" ಅಂದ.

ಹೋದಾಗ ಒಂದು ಕಥೆಗೆ ಚಿತ್ರ ಬರೆಯುತ್ತಿದ್ದ. ಕಥೆಯಲ್ಲಿ ರಾಗಿ ಕಣ ಬರುತ್ತದೆ. ರೋಣಗಲ್ಲಿಗೆ ಎತ್ತು ಹೇಗೆ ಕಟ್ಟುತ್ತಾರೆಂದು ಊರಿಗೆ ಬಂದು ದೊಡ್ಡವರನ್ನು ಕೇಳಿ ಹೋಗಿದ್ದನಂತೆ. ಅಂಗೈ ಅಗಲದ ಆರು ಕರಡು ಬರೆದಿದ್ದ, ಒಪ್ಪಿಗೆಯಾದದ್ದು ಒಂದು. ಆಮೇಲೆ ಪೆನ್ಸಿಲ್, ಇಂಕು, ಬಣ್ಣ. ಅಕ್ಷರ ಕೂರಲು ಜಾಗವನ್ನೂ ಬಿಡಬೇಕು. ಎಲ್ಲ ಮುಗಿದ ಮೇಲೆ "ಹುಡುಗಿಯ ಲಂಗ ಬದಲಾಯಿಸಿ" ಎಂದು ಫೋನ್ ಬಂತು.

ನಮ್ಮ ಪ್ರೋಗ್ರಾಂಗೂ ಕೊನೆ ಗಳಿಗೆಯಲ್ಲಿ ಬದಲಾವಣೆ ಹೇಳುತ್ತಾರೆ. ಆದರೆ ತಿಂಗಳಾದರೆ ನನಗೆ ಸಂಬಳ ಬರುತ್ತದೆ. ಅವನ ಹಣ ಬರಲು ಒಮ್ಮೊಮ್ಮೆ ಆರು ತಿಂಗಳು. ಅದಕ್ಕೇ ಈಗ ಅರ್ಧ ಹಣ ಮುಂಗಡ, ಎರಡೇ ಸಲ ತಿದ್ದುಪಡಿ, ಚಿತ್ರ ಎಲ್ಲೆಲ್ಲಿ ಬಳಸಬಹುದು, ಇಷ್ಟನ್ನೂ ಮೊದಲೇ ಬರೆಸಿಕೊಳ್ಳುತ್ತಾನೆ. ನಾನೂ ತಲೆ ತಗ್ಗಿಸಿ ಸಹಿ ಹಾಕಿದೆ.

ನಮ್ಮ ಪಕ್ಕದ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈನ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ. ಅವರು ಮಹಾರಾಜ ಕಾಲೇಜಿನಲ್ಲಿ ಓದುತ್ತಲೇ ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ 'ದಿ ಹಿಂದೂ'ವಿನಲ್ಲಿ ಚಿತ್ರ ಬರೆದರು, ನಮ್ಮ 'ಕೊರವಂಜಿ'ಗೂ ಬರೆದರು. ದೇಶಕ್ಕೆ 'ಶ್ರೀಸಾಮಾನ್ಯ'ನನ್ನು ಕೊಟ್ಟ ಅವರಿಗೆ 2005ರಲ್ಲಿ ಪದ್ಮವಿಭೂಷಣ ಬಂತು.

ಎಲ್ಲರೂ ಲಕ್ಷ್ಮಣ್ ಆಗುವುದಿಲ್ಲ. ನನ್ನ ಗೆಳೆಯನಿಗೂ ಕೆಲಸವಿಲ್ಲದ ತಿಂಗಳುಗಳಿವೆ. ಆದ್ದರಿಂದ ಮಕ್ಕಳೇ, ಚಿತ್ರ ಬರೆಯಿರಿ, ಲೆಕ್ಕವನ್ನೂ ಕಲಿಯಿರಿ. ಬಿಲ್ಲು ಬರೆಯಲು ಬೇಕಾಗುತ್ತದೆ. ತಂದೆತಾಯಂದಿರೇ, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಚಿತ್ರ ಕಂಡರೆ ಬಯ್ಯುವ ಮುಂಚೆ ಒಂದು ಸಲ ನೋಡಿ.

ನನ್ನ ಹಿಂದಿನ ಪರದೆಯ ಮೇಲೆ ನಮ್ಮ ಶಾಲೆಯ ಚಿತ್ರ ಬರೆದವನು ಅವನೇ. ಹಣ ಬೇಡ ಅಂದ. ಅದು ಅವನ ಕಾಣಿಕೆ. ಆದರೆ 'ಬೇಡ' ಅನ್ನುವ ಮಾತು ಅವನ ಬಾಯಲ್ಲಿ ಬರಬೇಕು, ನಮ್ಮ ಬಾಯಲ್ಲಲ್ಲ. ಅವನು ಇಲ್ಲೇ ಕೂತಿದ್ದಾನೆ. ಗೆಳೆಯಾ, ಹತ್ತನೇ ತರಗತಿಯ ಹೃದಯದ ಚಿತ್ರದ ಬಾಕಿ ನನ್ನ ಮೇಲೆ ಇನ್ನೂ ಇದೆ ಕಣೋ.